ಪುಸ್ತಕದ ಮೇಲೆ ಬಿದ್ದ ವಿಭೂತಿ

ನಾನು ಮೊದಲು ಲೈಬ್ರರಿಗೆ ಹೋದದ್ದು ಓದುವುದಕ್ಕಲ್ಲ. ಅಲ್ಲಿ ತಂಪಾಗಿರುತ್ತದೆ, ಕೂತರೆ ಯಾರೂ ಏಳು ಎನ್ನುವುದಿಲ್ಲ, ಟಾಯ್ಲೆಟ್ಟು ಸ್ವಚ್ಛವಾಗಿರುತ್ತದೆ. ಅದಕ್ಕೆ ಹೋದೆ. ಟೆಕ್ಸಾಸಿನಲ್ಲಿ ಮಗಳಿರುವ ಊರು ಅಲೆನ್. ಅಲ್ಲಿ ಮನೆಗಳಿವೆ, ಮನುಷ್ಯರು ಕಾಣುವುದಿಲ್ಲ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಹೊರಗೆ ಹೋಗುತ್ತದೆ, ಬಾಗಿಲು ಕೆಳಗಿಳಿಯುತ್ತದೆ. ಸಂಜೆ ಅದೇ ಬಾಗಿಲು ಮತ್ತೆ ಏಳುವವರೆಗೆ ನಾಯಿ ಹಿಡಿದುಕೊಂಡು ಓಡಾಡುವ ಮುದುಕರನ್ನು ಬಿಟ್ಟರೆ ಬೀದಿಯಲ್ಲಿ ಯಾರೂ ಇಲ್ಲ. ಮಗಳು ದಿನಾ ಲೈಬ್ರರಿಗೆ ಹೊರಡುತ್ತಿದ್ದಳು. ನಾನೂ ಬರುತ್ತೇನೆ ಎಂದೆ. ಬೇಜಾರಾಗುತ್ತದೆ ಅವ್ವ ಎಂದಳು. ಮನೆಯಲ್ಲಿ ಆಗುವುದಕ್ಕಿಂತ ಹೆಚ್ಚೇನೂ ಆಗಲಿಕ್ಕಿಲ್ಲ ಎಂದು ಕಾರಿನಲ್ಲಿ ಕೂತುಬಿಟ್ಟೆ.

ನಾನು ಓದಿದವಳಲ್ಲ. ನಮ್ಮದು ಉತ್ತರ ಕರ್ನಾಟಕದ ಮಗ್ಗದ ಮನೆ. ಎರಡನೇ ಇಯತ್ತೆಗೆ ಶಾಲೆ ಬಿಡಿಸಿ ಕಂಡಿಕೆ ಸುತ್ತಲು ಕೂರಿಸಿದರು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ಸಣ್ಣ ನಳಿಗೆ, ಅದಕ್ಕೆ ರಾಟಿಯಿಂದ ನೂಲು ಸುತ್ತಬೇಕು. ಗಂಡನ ಮನೆಯಲ್ಲೂ ಅದೇ ಕೆಲಸ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಮಕ್ಕಳು ದೊಡ್ಡವರಾದ ಮೇಲೆ, ಊರಿನಲ್ಲಿ ಹೆಂಗಸರಿಗೆಂದು ನಡೆಸಿದ ಸಂಜೆ ಶಾಲೆಯಲ್ಲಿ. ಈಗ ಇದನ್ನು ಬರೆಯುತ್ತಿರುವುದೂ ಆ ಶಾಲೆಯ ಬಲದ ಮೇಲೆಯೇ. ತಪ್ಪಿದ್ದಲ್ಲಿ ಮಗಳು ತಿದ್ದಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಮಗಳು ಧಾರವಾಡದಲ್ಲಿ ಇತಿಹಾಸ ಓದಿದವಳು. ಮದುವೆಯಾಗಿ ಗಂಡನ ಜೊತೆ ಟೆಕ್ಸಾಸಿಗೆ ಬಂದಳು. ಅವಳ ವೀಸಾದ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಮಾಡುವ ಹಾಗೆ ಆಗುವ ಹೊತ್ತಿಗೆ ತಲೆಯಲ್ಲಿ ಬಿಳಿ ಬಂದಿತ್ತು. ನನ್ನ ಗಂಡ ತೀರಿದ ಮೇಲೆ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಮೊಮ್ಮಗ ಕಾಲೇಜಿಗೆ ಬೇರೆ ಊರಿಗೆ ಹೋದ ವರ್ಷ, ಯಾರನ್ನೂ ಕೇಳದೆ, ತಾನೂ ಹೋಗಿ ಯೂನಿವರ್ಸಿಟಿಯಲ್ಲಿ ಎಂ.ಎ.ಗೆ ಸೇರಿಬಂದಳು.

ಅವಳು ಹಿಡಿದ ವಿಷಯ ಇದು: ಹಿಂದಿನ ಕಾಲದಲ್ಲಿ ಈ ಟೆಕ್ಸಾಸಿನಲ್ಲಿ, ಮದುವೆಯಾಗಿ ಮಕ್ಕಳನ್ನು ಹೆತ್ತು ಆಮೇಲೆ ಅಕ್ಷರ ಕಲಿತ ಹೆಂಗಸರು. ಹತ್ತಿ ಬಿಡಿಸುವವರು, ಮಂದಿಯ ಬಟ್ಟೆ ಒಗೆಯುವವರು, ಕೋಳಿ ಸಾಕಿ ಮೊಟ್ಟೆ ಮಾರುವವರು. ಅಮೆರಿಕದವರು ಹುಟ್ಟುತ್ತಲೇ ಓದಿಕೊಂಡು ಬಂದಿರುತ್ತಾರೆ ಎಂದು ನಾನು ತಿಳಿದಿದ್ದೆ. ಇಲ್ಲವಂತೆ.

“ಹಂಗಾದ್ರ ಇಲ್ಲೂ ನನ್ನಂಥ ದಡ್ಡರು ಇದ್ರೇನು?” ಎಂದೆ.

“ದಡ್ಡರಲ್ಲವ್ವ. ಅವರಿಗೆ ಕಲಿಸೂವರು ಇರಲಿಲ್ಲ.”

“ನನ್ನ ಮುಂದ ಮೆತ್ತಗ ಮಾತಾಡಬ್ಯಾಡ. ಮುಂದ ಹೇಳು.”

ಅವಳು ಹೇಳುತ್ತಾ ಹೋದಳು. ಆಗ ಊರೂರಿನಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ, ಶಾಲೆ ಬಿಟ್ಟ ಮೇಲೆ ಅದೇ ಶಾಲೆಯ ಬೆಂಚಿನ ಮೇಲೆ, ದೊಡ್ಡ ಹೆಂಗಸರಿಗೆ ಪಾಠ ಮಾಡುತ್ತಿದ್ದರಂತೆ. ಕೈಕೂಸನ್ನು ಕಟ್ಟಿಕೊಂಡೇ ಬರುತ್ತಿದ್ದರಂತೆ. ಬಿಳಿಯರದು ಒಂದು ಕಡೆ, ಕರಿಯರದು ಒಂದು ಕಡೆ. ಅದೂ ನನಗೆ ಹೊಸದೆನಿಸಲಿಲ್ಲ. ನಮ್ಮೂರಿನಲ್ಲೂ ಯಾರು ಕಟ್ಟೆಯ ಮೇಲೆ ಕೂರಬೇಕು, ಯಾರು ಕೆಳಗೆ ಕೂರಬೇಕು ಎಂದು ಯಾರೂ ಹೇಳದೆಯೇ ಗೊತ್ತಿರುತ್ತಿತ್ತು.

ಫ್ಲವರ್ ಮೌಂಡ್ ಎಂಬ ಹತ್ತಿರದ ಊರಿನಲ್ಲಿ ಒಬ್ಬರ ಮನೆಗೆ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಎಲ್ಲರೂ ಬೆಂಗಳೂರು, ಮೈಸೂರಿನ ಕಡೆಯವರು. ಚೆನ್ನಾಗಿ ಮಾತಾಡುತ್ತಾರೆ, ಆದರೆ ಮಾತಿನೊಳಗೆ ಸಣ್ಣ ಸೂಜಿ ಇಟ್ಟಿರುತ್ತಾರೆ. ಒಬ್ಬಳು ನನ್ನ ಪಕ್ಕ ಬಂದು ಕೂತಳು.

“ಆಂಟಿ, ನಿಮ್ಮ ಮಗಳು ಈ ಏಜಲ್ಲಿ ಹಿಸ್ಟರಿ ಓದಿ ಏನ್ ಮಾಡ್ತಾರೆ? ಡೇಟಾ ಸೈನ್ಸ್ ಕೋರ್ಸ್ ಮಾಡಿದ್ರೆ ಆಗ್ಲೇ ಜಾಬ್ ಆಗೋದು.”

“ನಾವು ಈಗ ಈ ಕೇಕ್ ತಿಂದು ಏನ್ ಮಾಡ್ತೀವಿ?” ಎಂದೆ.

“ಅಯ್ಯೋ, ಅದು ಸುಮ್ನೆ ಖುಷಿಗೆ ಆಂಟಿ.”

“ಅದೂ ಹಂಗ ಅಂತ ತಿಳ್ಕೋ.”

ಅವಳಿಗೆ ಹಾಗೆ ಹೇಳಿದೆ. ಆದರೆ ಮಗಳ ಓದು ಬರೀ ಖುಷಿಯದಾಗಿರಲಿಲ್ಲ. ಅವಳ ಗೈಡ್ ಒಬ್ಬ ಗಟ್ಟಿ ಹೆಂಗಸು. ಮಗಳು ಬರೆದುಕೊಂಡು ಹೋದದ್ದನ್ನೆಲ್ಲ ಓದಿ, ಹೀಗೆಂದಳಂತೆ: ಕಾಲೇಜಿಗೆ ಹೋದ ಹೆಂಗಸರ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ, ನೀನು ತಡವಾಗಿ ಕಲಿತವರ ಬಗ್ಗೆ ಬರೆಯುತ್ತೇನೆ ಎನ್ನುತ್ತೀಯ, ಒಳ್ಳೆಯದು, ಆದರೆ ಅವರು ಏನನ್ನು ಓದಿದರು ಎಂದು ತೋರಿಸು. ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಂದಾದರೂ ಪುರಾವೆ ತಾ. ಇಲ್ಲದಿದ್ದರೆ ವಿಷಯ ಬದಲಿಸು. ವಿಷಯ ಬದಲಿಸುವುದೆಂದರೆ ಮೊದಲಿನಿಂದ ಶುರು ಮಾಡುವುದು. ಅದಕ್ಕೆ ಅವಳ ಹತ್ತಿರ ವಯಸ್ಸೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಅದಾದ ಮೇಲೆ ಮಗಳು ರೊಟ್ಟಿ ಬಡಿಯುವಾಗಲೂ ಗೋಡೆ ನೋಡಿಕೊಂಡು ಬಡಿಯುತ್ತಿದ್ದಳು.

ಆವಾಗಲೇ ನಮ್ಮ ಲೈಬ್ರರಿ ತಿರುಗಾಟ ಶುರುವಾದದ್ದು. ಅಲೆನ್‌ನ ಲೈಬ್ರರಿಯವರು ತಮ್ಮಲ್ಲಿಲ್ಲದ ಪುಸ್ತಕಗಳನ್ನು ಬೇರೆ ಊರುಗಳಿಂದ ತರಿಸಿಕೊಟ್ಟರು. ಒಂದು ಪುಸ್ತಕ ಬೇರೆ ರಾಜ್ಯದಿಂದಲೇ ಬಂತು. ಹಣ ಕೇಳಲಿಲ್ಲ. ನನಗೆ ನಂಬಿಕೆಯಾಗಲಿಲ್ಲ. ನಮ್ಮೂರ ಸಂಜೆ ಶಾಲೆಯಲ್ಲೂ ಒಂದು ಪುಸ್ತಕದ ಬೀರು ಇತ್ತು. ಅದರ ಬೀಗದ ಕೈ ಚೇರ್ಮನ್ನರ ಮನೆಯ ಗೂಟಕ್ಕೆ ನೇತುಹಾಕಿರುತ್ತಿತ್ತು. ಆ ಬೀರು ತೆಗೆದದ್ದನ್ನು ನಾನು ಕಂಡಿಲ್ಲ. ಗಾಜಿನ ಆಚೆಯಿಂದ ಪುಸ್ತಕದ ಬೆನ್ನು ಓದಿಯೇ ನಾನು ಒತ್ತಕ್ಷರ ಕಲಿತದ್ದು.

ಅದೇ ಅಲೆನ್ ಲೈಬ್ರರಿಯಲ್ಲಿ ನನ್ನಂಥವರಿಗೆ ಇಂಗ್ಲಿಷ್ ಕ್ಲಾಸೂ ಇತ್ತು, ಅದೂ ಪುಕ್ಕಟೆ. ಮಗಳು ಓದುತ್ತಾ ಕೂತಾಗ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಕೌ, ಹೆನ್, ಡಾಗ್ ಎಲ್ಲ ಅಲ್ಲೇ ಕಲಿತೆ. ಇನ್ನು ಕೆಲವು ಮಾತು ಬೀದಿಯಲ್ಲಿ ನಾಯಿ ತಿರುಗಿಸುವವರಿಂದ ಕಲಿತೆ.

ಡಲ್ಲಾಸ್‌ನ ಊರ ನಡುವಿನ ದೊಡ್ಡ ಲೈಬ್ರರಿಗೆ ಹೋದೆವು. ಮೇಲಿನ ಮಹಡಿಯಲ್ಲಿ ಹಳೆಯ ಪೇಪರುಗಳನ್ನೆಲ್ಲ ಸಣ್ಣದಾಗಿ ಫೋಟೋ ತೆಗೆದು ರೀಲಿಗೆ ಸುತ್ತಿಟ್ಟಿದ್ದಾರೆ. ಒಂದು ಮಷೀನಿಗೆ ರೀಲು ಹಾಕಿ ಹಿಡಿಕೆ ತಿರುಗಿಸಿದರೆ ಪರದೆಯ ಮೇಲೆ ಪೇಪರು ಓಡುತ್ತದೆ. ಮಗಳು ಒಮ್ಮೆ ಜೋರಾಗಿ ತಿರುಗಿಸುವಳು, ಒಮ್ಮೆ ಜಗ್ಗುವಳು. ಬೇಕಾದದ್ದು ಸರ್ರನೆ ದಾಟಿಹೋಗುವುದು.

“ಸರಿ ಅತ್ತಾಗ,” ಎಂದೆ. “ಇದು ಕಂಡಿಕಿ ಸುತ್ತೂ ಕೆಲಸ. ನೀ ನೋಡು, ನಾ ತಿರುಗಸ್ತೀನಿ.”

“ನಿನಗ ಕೈ ನೋಯ್ತದವ್ವ.”

“ನೋಯ್ಲಿ. ಈ ಕೈಲೆ ಮತ್ತೇನ್ ಮಾಡಾಕತ್ತೀನಿ?”

ನಾನು ತಿರುಗಿಸಿದೆ, ಅವಳು ಓದಿದಳು. ನಿಲ್ಲು ಅಂದರೆ ನಿಲ್ಲುತ್ತಿದ್ದೆ. ಹಿಂದೆ ಅಂದರೆ ಹಿಂದೆ. ಪರದೆಯ ತುಂಬ ಟೊಪ್ಪಿಗೆಯ ಹೆಂಗಸರು, ಮೈದಾಹಿಟ್ಟಿನ ಜಾಹೀರಾತು, ಸೊಂಟ ಬಿಗಿದು ಕಟ್ಟುವ ಪಟ್ಟಿ. ಆ ಪಟ್ಟಿ ಕಟ್ಟಿಕೊಂಡು ಹತ್ತಿ ಹೇಗೆ ಬಿಡಿಸುತ್ತಿದ್ದರು ಎಂದು ಕೇಳಿದೆ. ಹತ್ತಿ ಬಿಡಿಸುವವರು ಪೇಪರಿನಲ್ಲಿ ಬರುತ್ತಿರಲಿಲ್ಲ ಎಂದಳು. ಆಮೇಲೆ ಒಂದು ಮೂಲೆಯಲ್ಲಿ, ಕಳೆದುಹೋದ ಕುದುರೆಯ ಸುದ್ದಿಯ ಕೆಳಗೆ, ಬೆರಳಗಲದ ಒಂದು ಪ್ರಕಟಣೆ ಸಿಕ್ಕಿತು. ದೊಡ್ಡ ಹೆಂಗಸರಿಗೆ ಸಂಜೆ ಪಾಠ, ಮಕ್ಕಳನ್ನು ಕರೆತರಬಹುದು, ಪುಸ್ತಕ ನಾವೇ ಕೊಡುತ್ತೇವೆ ಎಂದಿತ್ತು. ಮಗಳು ಕುರ್ಚಿ ಬಿಟ್ಟು ಎದ್ದು ನಿಂತಳು.

“ಪುಸ್ತಕ ನಾವೇ ಕೊಡ್ತೀವಿ ಅಂದಾರವ್ವ! ಅಂದ್ರ ಅವರಿಗಂತನ ಒಂದು ಪುಸ್ತಕ ಇತ್ತು.”

“ಆತು, ಇನ್ನ ಅದನ್ನ ಹುಡುಕು. ಕೂಗಬ್ಯಾಡ, ಮಂದಿ ನೋಡಾಕತ್ತಾರ.”

ಅಲ್ಲಿದ್ದ ಲೈಬ್ರರಿಯವನು ನಾನು ನಿಂತು ತಿರುಗಿಸುವುದನ್ನು ಕಂಡು, ಕೇಳದೆಯೇ ಎತ್ತರದ ಸ್ಟೂಲೊಂದನ್ನು ತಂದಿಟ್ಟುಹೋದ. ಥ್ಯಾಂಕ್ಯೂ ಎಂದೆ. ಇದು ನನ್ನ ಕೆಲಸ ಎಂದನಂತೆ. ಮಗಳು ಹೇಳಿದಳು.

ಪುಸ್ತಕ ಇತ್ತು ಎಂಬುದು ಗೊತ್ತಾಯಿತು, ಎಲ್ಲಿದೆ ಎಂಬುದು ಗೊತ್ತಾಗಲಿಲ್ಲ. ಹ್ಯೂಸ್ಟನ್‌ನ ಒಂದು ಲೈಬ್ರರಿಯಲ್ಲಿ ಹಳೆಯ ಹೆಂಗಸರ ಮಾತುಗಳನ್ನು ಟೇಪು ಮಾಡಿ ಇಟ್ಟಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆವು. ಅಳಿಯಂದಿರು ರಜೆ ಹಾಕಿ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ, “ಅತ್ತಿ, ನಿಮಗ ಬೋರ್ ಆದ್ರ ಹೇಳ್ರಿ, ಮಾಲಿಗೆ ಹೋಗೂಣು,” ಎನ್ನುತ್ತಿದ್ದರು. “ಬೋರ್ ನಿಮಗಾಗೇದ, ನನ್ನ ಮ್ಯಾಲ ಹಾಕಬ್ಯಾಡ್ರಿ,” ಎಂದೆ. ಆಮೇಲೆ ನಕ್ಕು ಸುಮ್ಮನೆ ಡ್ರೈವ್ ಮಾಡಿದರು. ನಮ್ಮನ್ನು ಇಳಿಸಿ ಅವರು ಮಾಲಿಗೆ ಹೋದರು.

ಹ್ಯೂಸ್ಟನ್‌ನ ಲೈಬ್ರರಿಯಾಕೆ ಕರಿಯ ಹೆಂಗಸು, ನನ್ನ ವಾರಿಗೆಯವಳು. ಕೊರಳಲ್ಲಿ ದೊಡ್ಡ ಮಣಿಯ ಸರ. ತಲೆಯ ಮೇಲೆ ಸೆರಗು ಹೊದ್ದಿದ್ದ ನನಗೆ ಹೆಡ್‌ಫೋನು ಹೇಗೆ ಹಾಕುವುದು ಎಂದು ಒಂದು ಗಳಿಗೆ ಯೋಚಿಸಿ, ಸೆರಗು ಸರಿಸದೆ ಅದರ ಮೇಲೆಯೇ ಮೆಲ್ಲಗೆ ಕೂರಿಸಿದಳು. ಸೆರಗು ತೆಗೆ ಎಂದಿದ್ದರೆ ತೆಗೆಯುತ್ತಿದ್ದೆ. ಆದರೆ ಎನ್ನಲಿಲ್ಲ. ಅದು ನನಗೆ ನೆನಪಿದೆ.

ಟೇಪಿನಲ್ಲಿ ಒಬ್ಬ ಮುದುಕಿ ಮಾತಾಡುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ದನಿ ಮಾತ್ರ ಕೇಳಿಸಿತು, ನಡುನಡುವೆ ಕೆಮ್ಮು, ಒಂದು ನಗು, ಹೊರಗೆಲ್ಲೋ ಕೂಗುವ ಕೋಳಿ. ಮಗಳು ತಡೆದು ತಡೆದು ಕನ್ನಡದಲ್ಲಿ ಹೇಳಿದಳು. ಆಕೆ ಜೀವಮಾನವೆಲ್ಲ ಬೇರೆಯವರ ಬಟ್ಟೆ ಒಗೆದವಳು. ಮಕ್ಕಳು ದೊಡ್ಡವರಾದ ಮೇಲೆ ಸಂಜೆ ಶಾಲೆಗೆ ಹೋದಳು. ಗಂಡ ನಕ್ಕನಂತೆ. ನಗು ಎಂದು ಹೇಳಿ ಹೋದಳಂತೆ. ಅಲ್ಲಿ ಕೊಟ್ಟದ್ದು ಸಣ್ಣ ಪುಸ್ತಕ. ಅದರಲ್ಲಿ ರಾಜರಿಲ್ಲ, ದೇವರಿಲ್ಲ, ಇದ್ದದ್ದು ಕೋಳಿ, ಮೊಟ್ಟೆ, ಸೋಪು, ಬಟ್ಟೆ. ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದು ಆಕೆಗೆ ಬಹಳ ಆಸೆ ಇತ್ತು. ಮುಂದಿನ ಹೆಂಗಸರಿಗೆ ಬೇಕಾಗುತ್ತದೆ ಎಂದು ಕಲಿಸುವಾಕೆ ವಾಪಸ್ ತೆಗೆದುಕೊಂಡಳಂತೆ.

“ಕೊಡಬೇಕಾಗಿತ್ತು,” ಎಂದೆ.

“ಎಲ್ಲರಿಗೂ ಸಾಲ್ತಿದ್ದಿಲ್ಲ ಕಾಣ್ತದವ್ವ.”

“ಆದ್ರೂ ಕೊಡಬೇಕಾಗಿತ್ತು.”

ಮಗಳು ಟೇಪಿನ ಮಾತನ್ನು ಲೈಬ್ರರಿಯಾಕೆಗೆ ಹೇಳಿದಳು. ಆಕೆ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಹುಡುಕಿದಳು. ಊಟದ ಹೊತ್ತು ಮೀರಿತು, ಅವಳು ಏಳಲಿಲ್ಲ. ಯಾರಿಗೋ ಫೋನು ಮಾಡಿದಳು, ಇನ್ನೊಬ್ಬರಿಗೆ ಮಾಡಿದಳು. ಕೊನೆಗೆ ಮೇಜು ತಟ್ಟಿದಳು. ಆಸ್ಟಿನ್‌ನಲ್ಲಿ ಒಂದು ಲೈಬ್ರರಿಯ ಹಳೆಯ ಡಬ್ಬಿಯೊಂದರಲ್ಲಿ ಅಂಥದೇ ಒಂದು ಪುಸ್ತಕ ಇದೆಯಂತೆ. ಬೇರೆ ಎಲ್ಲೂ ಕಾಣಲಿಲ್ಲವಂತೆ. ನಾನು ಚೀಲದಲ್ಲಿದ್ದ ಕರದಂಟನ್ನು ಅವಳ ಕೈಗಿಟ್ಟೆ. ಅಲ್ಲಿ ತಿನ್ನುವ ಹಾಗಿಲ್ಲವೆಂದು ಕರ್ಚೀಫಿನಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದಳು. ವಾಪಸ್ ಬಂದಾಗ ಬಾಯಿ ಆಡಿಸುತ್ತಿದ್ದಳು.

ಆಸ್ಟಿನ್‌ನಲ್ಲಿ ದ ಡೊಮೇನ್ ಎನ್ನುವ ಅಂಗಡಿ ಸಾಲಿನ ಹತ್ತಿರ ಮಗಳ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಇಳಿದೆವು. ಈ ಸಲ ನಾವಿಬ್ಬರೇ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಹೊರಟೆ. ವಿಭೂತಿ ನಾನು ತೆಳ್ಳಗೆ ಹಚ್ಚುವವಳಲ್ಲ. ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಹಣೆಯ ತುಂಬ ಮೂರು ಬೆರಳು ಎಳೆಯುತ್ತೇನೆ. ಮಧ್ಯಾಹ್ನದವರೆಗೂ ಕಾಣಬೇಕು.

ಆಸ್ಟಿನ್‌ನ ಆ ಲೈಬ್ರರಿಯಲ್ಲಿ ಹಳೆಯ ಪುಸ್ತಕ ಓದುವ ಕೋಣೆಯಷ್ಟು ಮಡಿ ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ಚೀಲ ಹೊರಗೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಪೆನ್ನು ಬೇಡ, ಪೆನ್ಸಿಲ್ ಮಾತ್ರ. ನೀರು ಬೇಡ. ಕೈ ತೊಳೆದು ಒರೆಸಿಕೊಂಡು ಬರಬೇಕು. ಜೊತೆಗೆ ಬಂದವರೂ ಹೆಸರು ಬರೆಸಬೇಕು. ನನ್ನ ಪಾಸ್‌ಪೋರ್ಟ್ ನೋಡಿ ನನಗೂ ಒಂದು ಕಾರ್ಡು ಕೊಟ್ಟರು. ಎರಡನೇ ಇಯತ್ತೆಯವಳಿಗೆ ಓದುಗರ ಕಾರ್ಡು. ನಾನು ಕನ್ನಡದಲ್ಲಿ ಸಹಿ ಮಾಡಿದೆ, ಯಾರೂ ಬೇಡವೆನ್ನಲಿಲ್ಲ.

ಪುಸ್ತಕ ಬಂತು. ಅಂಗೈಗಿಂತ ತುಸು ದೊಡ್ಡದು, ತೆಳ್ಳನೆಯದು, ಅಂಚೆಲ್ಲ ಚಹಾದ ಬಣ್ಣ. ಕಪ್ಪು ಸ್ಪಂಜಿನ ದಿಂಬಿನ ಮೇಲೆ ಅದನ್ನು ಮಲಗಿಸಿದರು. ಮೊದಲ ಪುಟದಲ್ಲಿ ಕೋಳಿಯ ಚಿತ್ರ, ಕೆಳಗೆ ದೊಡ್ಡ ಅಕ್ಷರ. ನಾನು ಬಗ್ಗಿ, ಮುಟ್ಟದೆ, ಕೂಡಿಸಿ ಓದಿದೆ. ಐ ಹ್ಯಾವ್ ಎ ಹೆನ್. ತಿರುಗಿ ನೋಡಿದರೆ ಮಗಳ ಕಣ್ಣಲ್ಲಿ ನೀರು.

“ಅಳಬ್ಯಾಡ. ಪುಸ್ತಕ ತೊಯ್ತದ.”

ಅವಳು ಮೂಗು ಒರೆಸಿಕೊಂಡು ಬರೆಯಲು ಶುರು ಮಾಡಿದಳು. ಆ ಪುಸ್ತಕದ ಜೊತೆ ಎರಡು ದಿನ ಕೂತರೆ ಸಾಕು, ಗೈಡ್ ಕೇಳಿದ್ದೆಲ್ಲ ಸಿಗುತ್ತದೆ ಎಂದಿದ್ದಳು. ನಾನು ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತೆ. ಅಷ್ಟು ಪುಸ್ತಕವಿರುವ ಕಡೆ ಚಪ್ಪಲಿ ಹಾಕಿಕೊಂಡು ಕೂರಲು ನನಗೆ ಮನಸ್ಸು ಬರಲಿಲ್ಲ.

ಮಗಳು ಹೊಸ ಹಾಳೆ ತೆಗೆಯಲು ಆ ಕಡೆ ತಿರುಗಿದಳು. ಅವಳ ಮೊಳಕೈ ದಿಂಬಿಗೆ ತಾಗಿತು. ಪುಸ್ತಕ ಜಾರಿ ನೇರ ನನ್ನ ಬರಿಗಾಲಿನ ಮೇಲೆ ಬಿತ್ತು.

ಪುಸ್ತಕಕ್ಕೆ ಕಾಲು ತಾಗಿದರೆ ನಾವು ಏನು ಮಾಡುತ್ತೇವೆ? ಅದನ್ನೇ ಮಾಡಿದೆ. ಯೋಚನೆ ಮಾಡಲಿಲ್ಲ. ಬಗ್ಗಿ ಎತ್ತಿಕೊಂಡು, ಎರಡೂ ಕಣ್ಣಿಗೊತ್ತಿ, ಹಣೆಗೆ ಗಟ್ಟಿಯಾಗಿ ಒತ್ತಿಕೊಂಡೆ. ತೆಗೆದು ನೋಡಿದರೆ ಹಸಿರು ಬಟ್ಟೆಯ ರಟ್ಟಿನ ಮೇಲೆ ಮೂರು ಬಿಳಿ ಗೆರೆ, ತೆರೆದುಕೊಂಡಿದ್ದ ಕೋಳಿಯ ಪುಟದ ಮೇಲೆಲ್ಲ ಉದುರಿದ ಬಿಳಿ ಪುಡಿ.

“ಅವ್ವಾ! ಏನ್ ಮಾಡಿದಿ!”

ನಾನು ಸೆರಗಿನಿಂದ ಒರೆಸಲು ಹೋದೆ. ಮಗಳು ನನ್ನ ಕೈ ಹಿಡಿದಳು. ಅಷ್ಟರಲ್ಲಿ ಅಲ್ಲಿ ಕಾವಲಿದ್ದ ಹುಡುಗಿ ಓಡಿ ಬಂದಳು. ತೋಳಿನ ತುಂಬ ಹೂಬಳ್ಳಿ ಹಚ್ಚೆ ಹಾಕಿಸಿಕೊಂಡಿದ್ದಳು. ಇದೇನು ಎಂದು ಕೇಳಿದಳು. ಮಗಳು ಇಂಗ್ಲಿಷಿನಲ್ಲಿ ಪವಿತ್ರ, ಭಸ್ಮ, ಸಂಪ್ರದಾಯ ಎಂದೆಲ್ಲ ಸುತ್ತಿ ಸುತ್ತಿ ಹೇಳುತ್ತಿದ್ದಳು. ಹುಡುಗಿಗೆ ಬೇಕಾದದ್ದು ಅದಲ್ಲ ಎಂದು ನನಗೆ ಗೊತ್ತಾಯಿತು. ಯಾವುದರಿಂದ ಮಾಡಿದ್ದು ಎಂದು ಕೇಳುತ್ತಿದ್ದಳು.

“ಕೌ,” ಎಂದೆ. “ಕೌ ಪೂಪ್.”

ಹುಡುಗಿ ಬಾಯಿ ತೆರೆದಳು, ಮುಚ್ಚಲಿಲ್ಲ.

“ಬರ್ನ್,” ಎಂದೆ. “ಫುಲ್ ಬರ್ನ್.”

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹುಡುಗಿ ಪುಸ್ತಕವನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು, ಹೊರಗೆ ಕಾಯಿರಿ ಎಂದು ಹೇಳಿ ಒಳಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ಕೂತೆವು. ಮಗಳು ತನ್ನ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು.

“ನಿನ್ನ ಕರಕೊಂಡು ಬಂದದ್ದ ತಪ್ಪಾತು.”

“ಹೌದು, ತಪ್ಪಾತು. ಈಗ ಮುಂದೇನು ಹೇಳು.”

“ಮುಂದೇನು? ಇದೊಂದ ಪುಸ್ತಕ ಐತವ್ವ ಅವರ ಹತ್ರ. ಇನ್ನ ನನ್ನ ಒಳಗ ಬಿಡೂದಿಲ್ಲ. ಕಾರ್ಡ್ ಕಸಗೋತಾರ. ಇಷ್ಟ್ ವರ್ಷ ಮನ್ಯಾಗ ಕೂತೆ, ಈಗ ಎದ್ದು ನಿಂತೆ, ಇಲ್ಲಿಗೆ ಬಂದು ಮುಗೀತು.”

“ಕಾರ್ಡ್ ಕಸಗೊಂಡ್ರ ನಂದು ಕಸಗೋಲಿ. ಹಚ್ಚಿದಾಕಿ ನಾನು.”

“ಹಂಗ ನಡಿಯೂದಿಲ್ಲ ಇಲ್ಲಿ.”

ನಾನು ಎದ್ದು ಟಾಯ್ಲೆಟ್ಟಿಗೆ ಹೋದೆ. ಕನ್ನಡಿಯ ಮುಂದೆ ನಿಂತು ಸೋಪು ಹಚ್ಚಿ ಹಣೆ ತೊಳೆದೆ. ಎರಡು ಸಲ ತೊಳೆದು, ಕಾಗದದ ಟವೆಲಿನಿಂದ ಒರೆಸಿ, ಟವೆಲಿಗೆ ಬಿಳಿ ಹತ್ತುವುದು ನಿಂತ ಮೇಲೆ ಬಂದೆ. ಮಗಳು ನನ್ನ ಬರಿ ಹಣೆ ನೋಡಿ ಎದ್ದು ನಿಂತಳು. ಅವಳಿಗೆ ನೆನಪಾದದ್ದು ಏನೆಂದು ನನಗೂ ಗೊತ್ತು. ಹಿಂದೆ ಕಣ್ಣಿನ ಪೊರೆ ತೆಗೆಸುವ ದಿನ ವಿಭೂತಿ ಅಳಿಸಿ ಬನ್ನಿ ಎಂದಾಗ ನಾನು ಆಸ್ಪತ್ರೆಯಲ್ಲಿ ಹಟ ಹಿಡಿದು ಕೂತಿದ್ದೆ. ಅಳಿಯಂದಿರು ಕೈ ಮುಗಿದರು, ಮಗಳು ಅತ್ತಳು. ನಾನು ಕೇಳಲಿಲ್ಲ. ಕೊನೆಗೆ ಅವರೇ ಅದರ ಮೇಲೆ ಬಟ್ಟೆ ಕಟ್ಟಿ ಒಳಗೆ ಕರೆದುಕೊಂಡರು.

“ಅವತ್ತ ಅಷ್ಟ್ ಹೇಳಿದ್ರೂ ಅಳಸಲಿಲ್ಲ,” ಎಂದಳು ಮಗಳು. “ಇವತ್ತ್ ಯಾರೂ ಹೇಳದ...”

“ಅಲ್ಲಿ ಕಣ್ಣು ನಂದು. ಇಲ್ಲಿ ಪುಸ್ತಕ ಮಂದೀದು.”

ಅವಳು ಮತ್ತೆ ನನ್ನ ಪಕ್ಕ ಕೂತಳು.

ಆ ಹುಡುಗಿಯ ಜೊತೆ ಹಿರಿಯಾಕೆಯೊಬ್ಬಳು ಹೊರಗೆ ಬಂದಳು. ಬೂದು ಸ್ವೆಟರು, ಕನ್ನಡಕ, ಮುಖದಲ್ಲಿ ನಗೆಯಿಲ್ಲ. ಮಗಳು ಎದ್ದು ನಿಂತಳು, ನಾನೂ ನಿಂತೆ. ಎಣ್ಣೆ ಇತ್ತೇ ಎಂದು ಆಕೆ ಕೇಳಿದಳು. ಇಲ್ಲ, ಬರೀ ನೀರು, ಅದೂ ಬೆಳಿಗ್ಗೆಯೇ ಒಣಗಿದೆ ಎಂದೆ. ಮಗಳು ಹೇಳಿದಳು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು. ಕಾಲು ತಾಗಿತು, ಅದಕ್ಕೆ ಕ್ಷಮೆ ಕೇಳಿದೆ ಎಂದೆ. ಮಗಳು ಅದನ್ನೂ ಹೇಳಿದಳು. ಆಕೆ ನನ್ನ ಹಣೆಯನ್ನು ನೋಡಿದಳು. ತೊಳೆದ ಹಣೆ ಇನ್ನೂ ಒದ್ದೆಯಾಗಿತ್ತು.

ಆಮೇಲೆ ಆಕೆ ಮಾತಾಡಿದ್ದನ್ನು ಮಗಳು ನನಗೆ ಒಂದೊಂದಾಗಿ ಹೇಳಿದಳು. ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನೆಲ್ಲ ತೆಗೆದಿದ್ದಾರೆ. ಹಾಳೆಗೆ ಏನೂ ಆಗಿಲ್ಲ. ರಟ್ಟಿನ ಬಟ್ಟೆಯ ಎಳೆಗಳ ನಡುವೆ ತುಸು ಬಿಳುಪು ಉಳಿದಿದೆ, ಇರಲಿ, ಉಜ್ಜಿದರೆ ಬಟ್ಟೆ ಹಾಳಾಗುತ್ತದೆ. ಇನ್ನು ಮುಂದೆ ಪುಸ್ತಕ ಬಿದ್ದರೆ ನೀವು ಎತ್ತಬೇಡಿ, ನಮ್ಮನ್ನು ಕರೆಯಿರಿ. ಹಿಂದೆ ಯಾರೋ ಒಬ್ಬರು ಅಲ್ಲಿನ ಮೇಜಿಗೆ ಚ್ಯೂಯಿಂಗ್ ಗಮ್ ಅಂಟಿಸಿ ಹೋಗಿದ್ದರಂತೆ, ಅದಕ್ಕಿಂತ ಇದು ವಾಸಿಯಂತೆ. ಈಗ ಒಳಗೆ ಬರಬಹುದು.

“ಇಬ್ಬರೂ ಬರಬಹುದಂತ,” ಎಂದಳು ಮಗಳು. “ಮತ್ತ, ಇಷ್ಟು ವರ್ಷದಾಗ ಪುಸ್ತಕ ಬೀಳಿಸಿದವರು ಭಾಳ ಮಂದಿ ಇದ್ದಾರಂತ. ಪುಸ್ತಕಕ್ಕ ಸಾರಿ ಕೇಳಿದಾಕಿ ನೀನ ಮೊದಲಂತ.”

“ಹಂಗಾದ್ರ ಅವರಿಗೆ ಮನ್ಯಾಗ ಕಲಸಿಲ್ಲ ಅಂತ ಹೇಳು.”

ಅದನ್ನು ಮಗಳು ಹೇಳಲಿಲ್ಲ. ಥ್ಯಾಂಕ್ಯೂ ಎಂದು ಮಾತ್ರ ಹೇಳಿದಳು. ನಾನು ಕೈ ಮುಗಿದೆ. ಹಚ್ಚೆಯ ಹುಡುಗಿ ಹೋಗುವಾಗ ನನ್ನ ಕಡೆ ಬಗ್ಗಿ, ಪಿಸುದನಿಯಲ್ಲಿ, “ಫುಲ್ ಬರ್ನ್,” ಎಂದು ಹೇಳಿ ನಕ್ಕಳು.

ಎರಡು ದಿನವೂ ಮಗಳು ಆ ಪುಸ್ತಕದ ಮುಂದೆ ಕೂತಳು. ಎರಡನೆಯ ದಿನ ಪೂಜೆ ಮುಗಿಸಿ, ಕೋಣೆಯ ಹೊರಗೆ ಹಣೆ ತೊಳೆದುಕೊಂಡೇ ಒಳಗೆ ಹೋದೆ. ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತೆ. ಕೋಳಿ ಆದ ಮೇಲೆ ಮೊಟ್ಟೆ ಬಂತು, ಮೊಟ್ಟೆ ಮಾರುವುದು ಬಂತು, ಸಂತೆಯಲ್ಲಿ ಮೋಸ ಹೋಗದ ಹಾಗೆ ಕೂಡುವುದು ಕಳೆಯುವುದು ಬಂತು. ಕೊನೆಯ ಪಾಠದಲ್ಲಿ ಒಬ್ಬ ಹೆಂಗಸು ತನ್ನ ಹೆಸರು ಬರೆಯುತ್ತಿರುವ ಚಿತ್ರ. ಆ ಪುಟದ ಅಂಚು ಉಳಿದೆಲ್ಲ ಪುಟಗಳಿಗಿಂತ ಹೆಚ್ಚು ಸವೆದಿತ್ತು. ಬಹಳ ಕೈ ಹಿಡಿದಿರಬೇಕು. ಮಗಳು ಅದನ್ನೂ ಬರೆದುಕೊಂಡಳು. ಹ್ಯೂಸ್ಟನ್‌ನ ಟೇಪಿನ ಮುದುಕಿಗೆ ಮನೆಗೆ ಒಯ್ಯಲು ಸಿಗದ ಪುಸ್ತಕ ಇಂಥದೇ ಇದ್ದಿರಬೇಕು. ನಾನು ಕೊಡಬೇಕಾಗಿತ್ತು ಎಂದಿದ್ದೆ. ಆದರೆ ಎಲ್ಲರಿಗೂ ಕೊಟ್ಟುಬಿಟ್ಟಿದ್ದರೆ ಈ ಒಂದೂ ಉಳಿಯುತ್ತಿರಲಿಲ್ಲವೇನೋ. ಗೊತ್ತಿಲ್ಲ. ಈಗಲೂ ನನಗೆ ಎರಡೂ ಸರಿ ಅನ್ನಿಸುತ್ತದೆ.

ಗೈಡ್ ಒಪ್ಪಿದಳು. ಮಗಳು ಬರೆದು ಮುಗಿಸಿದಳು, ಪಾಸಾದಳು. ಫ್ಲವರ್ ಮೌಂಡ್‌ನವಳು ಫೋನು ಮಾಡಿ ಕಂಗ್ರಾಟ್ಸ್ ಹೇಳಿದಳು. ಮುಂದೇನು ಪ್ಲಾನು ಎಂದೂ ಕೇಳಿದಳು. ಅವಳ ಸ್ವಭಾವ ಅದು, ಇರಲಿ.

ಯಾರಿಗೆ ಥ್ಯಾಂಕ್ಸ್ ಎಂದು ಬರೆಯುವ ಪುಟದಲ್ಲಿ ಮಗಳು ನನ್ನನ್ನು ಮೊದಲಿಗೆ ಹಾಕಿದ್ದಳು. ಕೆಳಗೆ ಹಾಕು ಎಂದೆ. ಸ್ಟೂಲು ತಂದಿಟ್ಟವನು, ಊಟ ಬಿಟ್ಟು ಹುಡುಕಿದವಳು, ಬ್ರಷ್ಷು ಹಿಡಿದು ನಾನು ಉದುರಿಸಿದ್ದನ್ನು ತೆಗೆದವರು, ಅವರೆಲ್ಲ ಮೊದಲು. ನಾನು ಹೆತ್ತವಳು, ಮಾಡಲೇಬೇಕು. ಅವರು ನಮಗೆ ಯಾರು? ಬೀರುವಿನ ಬೀಗದ ಕೈ ಅವರ ಹತ್ತಿರವಿತ್ತು, ಅವರು ತೆಗೆದುಕೊಟ್ಟರು. ಕೇಳಿದ್ದಕ್ಕೆ ಕೊಟ್ಟರು, ಕೆಟ್ಟ ಮೇಲೂ ಕೊಟ್ಟರು. ನನ್ನ ಆಯುಷ್ಯದಲ್ಲಿ ಬಾಗಿಲು ಮುಚ್ಚುವವರನ್ನೇ ಹೆಚ್ಚು ಕಂಡಿದ್ದೇನೆ, ಹಾಗಾಗಿ ತೆಗೆಯುವವರ ಮುಖ ಮರೆಯುವುದಿಲ್ಲ.

ಮಗಳು ಬರೆದ ಥೀಸಿಸ್ಸು ರಟ್ಟು ಹಾಕಿಸಿಕೊಂಡು ಪುಸ್ತಕವಾಗಿ ಮನೆಗೆ ಬಂದ ದಿನ ಅವಳು ಅದನ್ನು ಊಟದ ಮೇಜಿನ ಮೇಲಿಟ್ಟಳು. ಅಳಿಯಂದಿರು ಚಹಾದ ಕಪ್ಪು ಹಿಡಿದುಕೊಂಡು ಪಕ್ಕಕ್ಕೆ ಬಂದರು.

“ಚಾ ದೂರ ಇಡ್ರಿ,” ಎಂದೆ. “ಕಿಸೆದಾಗಿನ ಪೆನ್ನೂ ತೆಗೀರಿ. ಕೈ ತೊಳಕೊಂಡ್ರೇನು?”

“ಅತ್ತಿ, ಇದು ನಮ್ಮ ಮನೀರಿ!”

“ಅದಕ್ಕ ಮೆತ್ತಗ ಹೇಳಾಕತ್ತೀನಿ.”

ಅವರು ನಗುತ್ತಾ ಸಿಂಕಿನ ಕಡೆ ಹೋದರು. ನಾನು ಪುಸ್ತಕ ಎತ್ತಿಕೊಂಡೆ. ಒಳಗಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಆಸ್ಟಿನ್‌ನ ಪುಸ್ತಕದ ಕೋಳಿಯ ಚಿತ್ರವನ್ನು ಮಗಳು ಅಚ್ಚು ಹಾಕಿಸಿದ್ದ ಪುಟ ಮಾತ್ರ ಹುಡುಕಿದೆ, ಸಿಕ್ಕಿತು. ಆಮೇಲೆ ಕಣ್ಣಿಗೊತ್ತಿಕೊಂಡು, ಹಣೆಗೆ ಗಟ್ಟಿಯಾಗಿ ಒತ್ತಿದೆ. ಕಪ್ಪು ರಟ್ಟಿನ ಮೇಲೆ ಮೂರು ಗೆರೆ ಬಿತ್ತು. ಮಗಳು ನೋಡುತ್ತಿದ್ದಳು, ಬ್ರಷ್ಷು ತರಲಿಲ್ಲ. ಇದು ನಮ್ಮ ಪುಸ್ತಕ.

ಇನ್ನೊಂದು ಪ್ರತಿ ಯೂನಿವರ್ಸಿಟಿ ಲೈಬ್ರರಿಯ ಕಪಾಟಿನಲ್ಲಿದೆ. ಅದು ಮಂದಿಯದು. ಅದನ್ನು ನೋಡಲು ಹೋದ ದಿನ ಹಣೆ ತೊಳೆದುಕೊಂಡು ಹೋಗಿದ್ದೆ.